ಆಯಿಯ ಮರೆವು ಮತ್ತು ಫೋನಿನಲ್ಲಿ ಆಪ್ತಸಮಾಲೋಚನೆ: ಎಂಟು ತಿಂಗಳ ಬಳಕೆಯ ನಂತರ

ನಮ್ಮ ಆಯಿಗೆ, ಎಂದರೆ ನನ್ನ ತಾಯಿಗೆ, ಅಲ್ಝೈಮರ್ ಕಾಯಿಲೆ ಎಂದು ತಿಳಿದ ಮೇಲೆ ಅವಳಿಗೆ ಮಾತ್ರೆ ಸಿಕ್ಕಿತು. ಅವಳನ್ನು ನೋಡಿಕೊಳ್ಳುವವರಿಗೆ ಎರಡು ಮಾತು ಹೇಳುವವರು ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತ ಹೋದಾಗ ಕೊನೆಗೆ ಕೈಗೆ ಹತ್ತಿದ ಒಂದು ಸೇವೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಹುಬ್ಬಳ್ಳಿ ಕಡೆಯ ಒಬ್ಬ ಮನಃಶಾಸ್ತ್ರಜ್ಞೆ ಇದನ್ನು ಫೋನಿನಲ್ಲಿ, ಸಿಗ್ನಲ್ ಒದಗಿದರೆ ವಿಡಿಯೊದಲ್ಲಿ ನಡೆಸುತ್ತಾರೆ. ಒಂದು ಸಲಕ್ಕೆ 45 ನಿಮಿಷ, 800 ರೂಪಾಯಿ. ನಾವು ಈವರೆಗೆ ಹದಿನೇಳು ಸಲ ಮಾತನಾಡಿದ್ದೇವೆ. ಮುಂದೆ ಅವರ ಕೊರತೆಗಳನ್ನೂ ಹೇಳಲಿಕ್ಕಿರುವುದರಿಂದ ಹೆಸರು ಬರೆಯುತ್ತಿಲ್ಲ. ಇಂಥ ಸೇವೆ ಹುಡುಕುವವರು ಏನನ್ನು ನೋಡಿ ಆರಿಸಬೇಕು ಎಂಬುದಕ್ಕೆ ಹೆಸರಿಗಿಂತ ವಿವರ ಹೆಚ್ಚು ಉಪಯೋಗಕ್ಕೆ ಬಂದೀತು.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ನಮ್ಮದು ಶಿರಸಿಯಿಂದ 14 ಕಿಲೋಮೀಟರ್ ಒಳಗೆ, ತೋಟದ ತಲೆಯ ಮೇಲಿನ ಮನೆ. 2024ರ ಮಾರಿಕಾಂಬಾ ಜಾತ್ರೆಯಲ್ಲಿ ಬಿಡಕಿಬೈಲಿನ ಚಪ್ಪರದ ಹತ್ತಿರ ಆಯಿ ನಮ್ಮ ಕೈತಪ್ಪಿದಳು. ಒಂದು ತಾಸಿನ ನಂತರ ಬಳೆ ಅಂಗಡಿಯೊಂದರ ಮುಂದೆ ಸಿಕ್ಕಾಗ, ತಾನು ಯಾರ ಮನೆಯವಳೆಂದು ಅಂಗಡಿಯವನಿಗೆ ಹೇಳುವಾಗ ತವರುಮನೆಯ ಹೆಸರು ಹೇಳಿದ್ದಳು. ಊರಿನಲ್ಲಿ ಎಲ್ಲರೂ ಅಂದಿದ್ದು ಒಂದೇ ಮಾತು, ಅರವತ್ತಕ್ಕೆ ಅರಳು ಮರಳು, ಇವಳಿಗೆ ಎಪ್ಪತ್ತನಾಲ್ಕು, ಅದರಲ್ಲಿ ವಿಶೇಷವೇನು ಎಂದು. ನಾವೂ ಒಂದು ವರ್ಷ ಹಾಗೆಯೇ ನಂಬಿದೆವು. ಆಮೇಲೆ ಜಿಲ್ಲೆಯ ಹೊರಗಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬಿ12 ಜೀವಸತ್ವ ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ, ಖಿನ್ನತೆ ಇದ್ದರೂ ಮರೆವು ಬರುತ್ತದೆ ಮತ್ತು ಇವಕ್ಕೆಲ್ಲ ಚಿಕಿತ್ಸೆ ಇದೆ ಎಂಬ ಕಾರಣಕ್ಕೆ ಅಲ್ಲಿ ಮೊದಲು ಅವನ್ನೆಲ್ಲ ನೋಡಿ ಬದಿಗಿಟ್ಟರು, ಎಂಆರ್‌ಐ ಮಾಡಿಸಿದರು, ಮೂವತ್ತು ಅಂಕದ ನೆನಪಿನ ಪರೀಕ್ಷೆಯಲ್ಲಿ ಆಯಿಗೆ ಹದಿನೇಳು ಬಂತು. ಡೊನೆಪೆಜಿಲ್ ಮಾತ್ರೆ ಬರೆದುಕೊಟ್ಟ ನರರೋಗ ತಜ್ಞರು, ಇದು ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಕೆಲವು ಕಾಲ ಲಕ್ಷಣಗಳನ್ನು ಹಿಡಿದಿಟ್ಟೀತು ಅಷ್ಟೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅವರ ವೈದ್ಯಕೀಯದ ಬಗ್ಗೆ ನನಗೆ ಏನೂ ದೂರಿಲ್ಲ.

ದೂರು ಇರುವುದು ಬಿಲ್ಲಿನಲ್ಲಿ 'ಕೌನ್ಸೆಲಿಂಗ್' ಎಂದು ಬರೆದಿದ್ದ 500 ರೂಪಾಯಿಯ ಬಗ್ಗೆ. ಒಂದು ಸಣ್ಣ ಕೋಣೆಯಲ್ಲಿ ಕುಳಿತಿದ್ದ ಯುವಕ ಒಂಬತ್ತು ನಿಮಿಷ ಮಾತನಾಡಿ ಇಂಗ್ಲಿಷಿನ ಮಡಿಕೆಪತ್ರವೊಂದನ್ನು ಕೈಗಿಟ್ಟ. ಹತ್ತಿರದ ಪಾರ್ಕಿನಲ್ಲಿ ದಿನಾ ವಾಕಿಂಗ್ ಮಾಡಿಸಿ, ಬಾಗಿಲುಗಳಿಗೆ ಹೆಸರಿನ ಚೀಟಿ ಅಂಟಿಸಿ, ಆರೈಕೆ ಮಾಡುವವರು ತಮ್ಮ ಹವ್ಯಾಸಗಳಿಗೆ ಸಮಯ ಕೊಟ್ಟುಕೊಳ್ಳಬೇಕು ಎಂದು ಅದರಲ್ಲಿತ್ತು. ಸೊಪ್ಪಿನ ಬೆಟ್ಟ ಮನೆಯ ಹಿಂದೆಯೇ ಇರುವವರಿಗೆ ಪಾರ್ಕು ಎಲ್ಲಿಂದ ಬರಬೇಕು? ಆ ಪತ್ರವನ್ನು ನನ್ನ ಹೆಂಡತಿ ಎಷ್ಟೋ ದಿನ ಜೋಪಾನವಾಗಿ ಇಟ್ಟುಕೊಂಡಿದ್ದಳು, ಅದರಲ್ಲಿ ತನಗೆ ಅರ್ಥವಾಗದ ಯಾವುದೋ ಮುಖ್ಯ ಮಾತು ಇರಬಹುದೆಂದು.

ಘಟ್ಟ ಹತ್ತಿ ಮನೆಗೆ ಬಂದ ಮೇಲೆ ನಿಜವಾದ ಹುಡುಕಾಟ ಸುರುವಾಯಿತು. ನಮ್ಮ ಜಿಲ್ಲೆಯ ಭೂಗೋಳ ಗೊತ್ತಿರುವವರಿಗೆ ಇದರ ಕಷ್ಟವನ್ನು ವಿವರಿಸಬೇಕಾಗಿಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜು ಇರುವುದು ಕಾರವಾರದಲ್ಲಿ. ಶಿರಸಿಯವರು ಅಲ್ಲಿಗೆ ಹೋಗಬೇಕೆಂದರೆ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ನೂರು ಕಿಲೋಮೀಟರಿಗೂ ಹೆಚ್ಚು ಸಾಗಬೇಕು, ಹುಬ್ಬಳ್ಳಿಯೂ ಹೆಚ್ಚುಕಡಿಮೆ ಅಷ್ಟೇ ದೂರ. ಕರಾವಳಿಯವರು ಮಣಿಪಾಲಕ್ಕೋ ಗೋವೆಗೋ ಹೋಗುತ್ತಾರೆ. ಮಾನಸಿಕ ಆರೋಗ್ಯದ ಸರ್ಕಾರಿ ಸಂಸ್ಥೆಗಳೆಂದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಆದರೆ ಒಂದು ರೋಗನಿರ್ಣಯಕ್ಕಾಗಿ ಒಮ್ಮೆ ಹೋಗಿ ಬರುವುದು ಬೇರೆ, ಸಮಾಲೋಚನೆಗಾಗಿ ವಾರಕ್ಕೊಮ್ಮೆ ಹೋಗುವುದು ಬೇರೆ. ಕಾರು ಹತ್ತಿದ ಅರ್ಧ ತಾಸಿಗೆ ಎಲ್ಲಿಗೆ ಹೋಗುತ್ತಿದ್ದೇವೆಂದು ಹೆದರಿ ಅಳುವ ಮನುಷ್ಯರನ್ನು ಕೂರಿಸಿಕೊಂಡಂತೂ ಅದು ಆಗುವ ಕೆಲಸವಲ್ಲ.

ಸರ್ಕಾರದ ದಾರಿಗಳನ್ನು ಮೊದಲು ನೋಡಿದೆವು, ಬೇರೆಯವರೂ ಮೊದಲು ಅಲ್ಲಿಗೇ ಹೋಗಬೇಕೆಂದು ನನ್ನ ಅಭಿಪ್ರಾಯ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ರಾಜ್ಯದಲ್ಲಿ 2014ರಿಂದ ಇದೆ. ಅಂಥ ಒಂದು ಮಂಗಳವಾರ ನಾನು ಹೋಗಿ ಸಾಲಿನಲ್ಲಿ ನಿಂತಿದ್ದೆ. ಮಾತ್ರೆಯ ಪ್ರಮಾಣದ ಬಗ್ಗೆ ನನಗಿದ್ದ ಅನುಮಾನ ಖರ್ಚಿಲ್ಲದೆ ಅಲ್ಲಿಯೇ ಬಗೆಹರಿಯಿತು. ಹಿರಿಯ ನಾಗರಿಕರಿಗಾಗಿ ಇರುವ 14567 ಎಂಬ ಎಲ್ಡರ್ ಲೈನ್ ಬೆಳಿಗ್ಗೆ 8ರಿಂದ ರಾತ್ರಿ 8ರ ತನಕ ಸಿಗುತ್ತದೆ, ಪಿಂಚಣಿ, ಕಾನೂನು ಇತ್ಯಾದಿ ಮಾಹಿತಿಗೆ ಅದು ಅನುಕೂಲ. ಇನ್ನೊಂದು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, 14416. ಕೇಂದ್ರ ಸರ್ಕಾರ ಇದನ್ನು 2022ರ ಅಕ್ಟೋಬರ್ 10ರಂದು ಆರಂಭಿಸಿತು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ, ಹಗಲು ರಾತ್ರಿ ಯಾವಾಗ ಕರೆದರೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಕಳೆದ ಆಷಾಢದ ಒಂದು ರಾತ್ರಿ ಒಂದೂವರೆಗೆ ಆಯಿ ಹೆಬ್ಬಾಗಿಲಿನ ಅಗುಳಿ ತೆಗೆದು ಅಂಗಳದ ಮಳೆಯಲ್ಲಿ ನಿಂತಿದ್ದಳು. ಅವಳ ತಲೆ ಒರೆಸಿ ಮಲಗಿಸಿದ ಮೇಲೆ ನನಗೆ ಕೈಕಾಲು ನಡುಗುವುದು ನಿಲ್ಲಲಿಲ್ಲ, ಆಗ ಆ ಸಂಖ್ಯೆಗೆ ಕರೆ ಮಾಡಿದೆ. ಫೋನೆತ್ತಿದ ಹೆಣ್ಣುಮಗಳು ಆಯಿಯ ವಿಷಯ ಕೇಳುವ ಮೊದಲು, ನೀವು ಊಟ ಮಾಡಿದ್ದೀರಾ, ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಯಿತು ಎಂದು ಕೇಳಿದರು. ಆ ಹೊತ್ತಿಗೆ ಅಷ್ಟು ಸಾಕಾಗಿತ್ತು. ಆದರೆ ಸಹಾಯವಾಣಿ ಇರುವುದು ಅಂಥ ಹೊತ್ತುಗಳಿಗಾಗಿ. ತಿಂಗಳುಗಟ್ಟಲೆ ಒಬ್ಬರೇ ಕೂತು ನಮ್ಮ ಮನೆಯ ಕತೆಯನ್ನು ಮೊದಲಿನಿಂದ ತಿಳಿದುಕೊಂಡು ಜೊತೆಗೆ ಬರಬೇಕೆಂದರೆ ಬೇರೆ ಏರ್ಪಾಡು ಬೇಕು, ಆ ಕಾರಣಕ್ಕೆ ಈ ಖಾಸಗಿ ಸೇವೆಯನ್ನು ಹಿಡಿದೆವು.

ಮೊದಲನೆಯ ಸಲ ನನಗೆ ಅಷ್ಟೇನೂ ಹಿಡಿಸಲಿಲ್ಲ. ಕಾಯಿಲೆ ಯಾವಾಗ ಸುರುವಾಯಿತು, ಮನೆಯಲ್ಲಿ ಎಷ್ಟು ಜನ, ಜಮೀನು ಎಷ್ಟು, ಕುಟುಂಬದಲ್ಲಿ ಮೊದಲು ಯಾರಿಗಾದರೂ ಇತ್ತೇ ಎಂಬ ವಿಚಾರಣೆಯಲ್ಲಿಯೇ ಮುಕ್ಕಾಲು ಸಮಯ ಹೋಯಿತು. ಕೊನೆಯ ಹತ್ತು ನಿಮಿಷದಲ್ಲಿ ಅವರು ಕೇಳಿದ ಒಂದು ಪ್ರಶ್ನೆಯಿಂದ ನಾನು ಎರಡನೆಯ ಸಲಕ್ಕೆ ದುಡ್ಡು ಕಟ್ಟಿದೆ. "ನಿಮ್ಮ ತಾಯಿಯವರಿಗೆ ಸ್ನಾನ ಮಾಡಿಸೋರು ಯಾರ್ರಿ?" ಎಂದು ಕೇಳಿದರು. ಹೆಂಡತಿ ಎಂದೆ. "ಊಟಾ ಮಾಡಸೋರು? ರಾತ್ರಿ ಎದ್ದರ ಹಿಂದ ಏಳೋರು?" ಅದೂ ಹೆಂಡತಿಯೇ. "ಹಂಗಾದ್ರ ಇಷ್ಟೊತ್ತು ನಾನು ಮಾತಾಡೋದು ಅವರ ಕೂಡ ಇತ್ತಲ್ರಿ" ಎಂದರು. ಆ ದೊಡ್ಡ ಆಸ್ಪತ್ರೆಯಲ್ಲಿ ಎಲ್ಲರೂ ಮಗನಾದ ನನ್ನ ಕಡೆ ನೋಡಿಯೇ ಮಾತನಾಡಿದ್ದರು, ಹೆಂಡತಿ ಆಯಿಯ ಸೆರಗು ಸರಿಮಾಡುತ್ತ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು, ಅದು ನನಗೂ ವಿಚಿತ್ರವೆನಿಸಿರಲಿಲ್ಲ.

ಎರಡನೆಯ ಸಲ ನನ್ನನ್ನು ತೋಟಕ್ಕೆ ಹೋಗಿ ಬನ್ನಿ ಎಂದು ಕಳಿಸಿದರು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಟ್ಟದ ಕಿಟಕಿಯ ಹತ್ತಿರ ಮಾತ್ರ. ಚಾಲಿ ಅಡಿಕೆಯ ಚೀಲಗಳ ನಡುವೆ ಮಣೆ ಹಾಕಿಕೊಂಡು ಹೆಂಡತಿ ಐವತ್ತು ನಿಮಿಷ ಮಾತನಾಡಿದಳು. ಏನು ಮಾತನಾಡಿದಳೆಂದು ನಾನು ಕೇಳಿಲ್ಲ, ಅವಳು ಹೇಳಿಯೂ ಇಲ್ಲ. ಮುಂದಿನ ಸಲ ಇಬ್ಬರಿಗೂ ಬೇರೆ ಬೇರೆಯಾಗಿ ಇಪ್ಪತ್ತೆರಡು ಪ್ರಶ್ನೆ ಕೇಳಿ ಅಂಕ ಹಾಕಿದರು. ಜರಿಟ್ ಎಂಬವರ ಹೆಸರಿನಲ್ಲಿರುವ, ಆರೈಕೆ ಮಾಡುವವರ ಮೇಲಿನ ಹೊರೆಯನ್ನು ಅಳೆಯುವ ಪ್ರಶ್ನಾವಳಿಯಂತೆ ಅದು, ಒಟ್ಟು 88 ಅಂಕ. ನಿಮಗೆ ಸಿಟ್ಟು ಬರುತ್ತದೆಯೇ, ಮನೆಗೆ ನೆಂಟರನ್ನು ಕರೆಯಲು ಮುಜುಗರವಾಗುತ್ತದೆಯೇ, ನಿಮ್ಮ ಆರೋಗ್ಯ ಕೆಟ್ಟಿದೆ ಅನಿಸುತ್ತದೆಯೇ ಎಂಬಂಥ ಪ್ರಶ್ನೆಗಳು. ನನ್ನ ಅಂಕಕ್ಕಿಂತ ಹೆಂಡತಿಯದು ಎರಡು ಪಟ್ಟಿಗೂ ಮೇಲೆ ಹೋಗಿತ್ತು. ಒಂದೇ ಸೂರಿನ ಕೆಳಗಿದ್ದು, ಒಬ್ಬಳೇ ಆಯಿಯ ಬಗ್ಗೆ, ಇಷ್ಟು ಅಂತರದ ಉತ್ತರ ಹೇಗೆ ಬಂತೆಂದು ಆ ರಾತ್ರಿ ಯೋಚಿಸಿದೆ. ಮಾರನೆಯ ದಿನದಿಂದ ರಾತ್ರಿಯ ಪಾಳಿ ನನ್ನದಾಯಿತು. ಈ ಸೇವೆಗೆ ನಾವು ಕೊಟ್ಟ ಒಟ್ಟು ಹಣದಲ್ಲಿ ಅತಿ ಹೆಚ್ಚು ಬೆಲೆ ಬಂದಿದ್ದು ಆ ಒಂದು ದಿನಕ್ಕೆ.

ಇನ್ನು ದಿನನಿತ್ಯದ ಉಪಾಯಗಳು. ಕತ್ತಲಾಗುವ ಹೊತ್ತಿಗೆ ಆಯಿಗೆ ಗಲಿಬಿಲಿ ಹೆಚ್ಚುತ್ತದೆ, ಈ ಕಾಯಿಲೆಯಲ್ಲಿ ಬಹಳ ಜನರಿಗೆ ಹಾಗೆಯೇ ಅಂತೆ. ದೇವರ ದೀಪ ಹಚ್ಚಿದ ಕೂಡಲೇ ಸೀರೆ ಸರಿಮಾಡಿಕೊಂಡು ಜಗಲಿಗೆ ಬಂದು, "ತಮಾ, ಕತ್ಲೆ ಆತು, ಮನೆಗೆ ಹೋಪನ" ಎನ್ನುತ್ತಾಳೆ. ಐವತ್ತೈದು ವರ್ಷ ಬಾಳಿದ ಮನೆಯಲ್ಲಿ ನಿಂತು. ಇದೇ ಮನೆ ಆಯಿ, ಆ ಕಂಬ ನೋಡು, ಅಪ್ಪಯ್ಯನ ಫೋಟೋ ನೋಡು ಎಂದು ನಾವು ವಾದ ಮಾಡುತ್ತಿದ್ದೆವು. ನಮ್ಮ ಪುರಾವೆಗಳು ಹೆಚ್ಚಿದಷ್ಟೂ ಅವಳ ಭಯ ಹೆಚ್ಚುತ್ತಿತ್ತು. "ಅವರು ಮನಿಗೆ ಹೋಗೂಣು ಅಂದ್ರ ನೀವು ಇಲ್ಲ ಅನಬ್ಯಾಡ್ರಿ, ಯಾಕ ಹೋಗಬೇಕು ಅನಸ್ತದ ಅನ್ನೋದನ್ನ ನೋಡ್ರಿ" ಎಂದು ಸಮಾಲೋಚಕಿ ಹೇಳಿದರು. ಮನೆ ಎಂದರೆ ಅವಳಿಗೆ ಆ ಹೊತ್ತಿನಲ್ಲಿ ಗೋಡೆ ಮಾಡು ಆಗಿರಲಿಕ್ಕಿಲ್ಲ, ಹೆದರಿಕೆಯಿಲ್ಲದ ಒಂದು ಜಾಗ ಆಗಿರಬಹುದು ಎಂದು ಬಿಡಿಸಿಟ್ಟರು. ಈಗ ನಾವು "ಹೋಪನ ಆಯಿ, ಆಸ್ರಿ ಕುಡ್ಕಂಡು ಹೋಪನ" ಎನ್ನುತ್ತೇವೆ. ಬಿಸಿ ಕಷಾಯದ ಲೋಟ ಕೈಗೆ ಬರುವಷ್ಟರಲ್ಲಿ ಹೊರಡುವ ಮಾತು ಅರ್ಧದಷ್ಟು ಸಲ ಮರೆತುಹೋಗುತ್ತದೆ. ಉಳಿದರ್ಧ ಸಲ ಅಂಗಳಕ್ಕೆ ಇಳಿದು ತುಳಸಿಕಟ್ಟೆಗೆ ಒಂದು ಸುತ್ತು ಹಾಕಿ "ಬಂದ್ವು" ಎಂದು ಒಳಗೆ ಕರೆದುಕೊಂಡು ಬರುತ್ತೇವೆ. ಸಂಜೆಯಾಗುವ ಮೊದಲೇ ಎಲ್ಲ ದೀಪ ಹಾಕಿಬಿಡಿ ಎಂಬ ಸಲಹೆಯೂ ಫಲ ಕೊಟ್ಟಿತು, ಕರೆಂಟು ಇದ್ದ ದಿನ.

ಇದು ಸುಳ್ಳಲ್ಲವೇ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿತ್ತು. ಆಯಿ ತನ್ನ ತಾಯಿ ಎಲ್ಲಿ ಎಂದು ಕೇಳಿದಾಗಲೆಲ್ಲ ತೀರಿಕೊಂಡು ಮೂವತ್ತು ವರ್ಷವಾಯಿತೆಂದು ನಾವು ನಿಜ ಹೇಳುತ್ತಿದ್ದೆವು, ಅವಳು ಪ್ರತಿ ಸಲವೂ ಆಗಷ್ಟೇ ಸುದ್ದಿ ಬಂದವಳಂತೆ ಅಳುತ್ತಿದ್ದಳು. ಒಂದೇ ವಾರದಲ್ಲಿ ನಾಲ್ಕು ಸಲ ತಾಯಿಯನ್ನು ಕಳೆದುಕೊಂಡಳು. ಸಮಾಲೋಚಕಿ ಇಲ್ಲಿ ನನಗೆ ತೀರ್ಪು ಕೊಡಲಿಲ್ಲ. ಬದುಕಿದ್ದಾರೆ ಎಂದೂ ಹೇಳಬೇಡಿ, ಸತ್ತಿದ್ದಾರೆ ಎಂದೂ ಹೇಳಬೇಡಿ, ತಾಯಿಯ ವಿಷಯವನ್ನೇ ಕೇಳಿ ಎಂದರು. "ಆಯಿ ಎಂತ ಅಡುಗೆ ಮಾಡ್ತಿತ್ತು?" ಎಂದು ಕೇಳಿದರೆ ಈಗ ಬ್ರಾಹ್ಮಿ ಎಲೆಯ ತಂಬುಳಿಯಿಂದ ಸುರುವಾಗಿ ತೊಡೆದೇವಿನ ತನಕ ಮಾತು ಬರುತ್ತದೆ. ನನ್ನ ಸಂಕೋಚ ಪೂರ್ತಿ ಹೋಗಿಲ್ಲ. ಅಡಿಕೆಯ ವಿಷಯದಲ್ಲಂತೂ ಈಗಲೂ ಕಸಿವಿಸಿಯೇ. ಕೈಗೆ ರೂಢಿಯಾದ ಕೆಲಸ ಮರೆಯುವುದು ತಡ, ಅಪಾಯವಿಲ್ಲದ ಹಳೆಯ ಕೆಲಸವೊಂದನ್ನು ಕೊಡಿ ಎಂದು ಅವರು ಹೇಳಿದ ಮೇಲೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ಅಟ್ಟಕ್ಕೆ ಸೇರಿಸಿ, ಸುಲಿದ ಅಡಿಕೆಯನ್ನು ಆರಿಸಲು ಕೂರಿಸಿದೆವು. ಆಯಿ ಹೆಬ್ಬೆರಳಿನಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ಒಡಕು ಕರಿಕಲನ್ನು ಎಡಕ್ಕೆ, ಒಳ್ಳೆಯದನ್ನು ಬಲಕ್ಕೆ ಹಾಕುತ್ತ ಎರಡು ತಾಸು ಶಾಂತವಾಗಿ ಕೂರುತ್ತಾಳೆ, ಕೈ ತಪ್ಪುವುದಿಲ್ಲ. ರಾತ್ರಿ ಎರಡೂ ರಾಶಿಯನ್ನು ಒಂದೇ ಬುಟ್ಟಿಗೆ ಸುರಿದು ಬೆಳಿಗ್ಗೆ ಮತ್ತೆ ಅವಳ ಮುಂದೆ ಇಡುತ್ತೇನೆ.

ಬೆಂಗಳೂರಿನಲ್ಲಿರುವ ತಂಗಿಯ ವಿಷಯದಲ್ಲಿಯೂ ಈ ಸೇವೆ ಒಂದು ಉಪಕಾರ ಮಾಡಿತು. "ನನ್ನ ಹತ್ರ ಸಮಾ ಮಾತಾಡ್ತು, ನಿಂಗ ಸುಮ್ನೆ ದೊಡ್ಡದು ಮಾಡ್ತ್ರಿ" ಎಂಬುದು ಅವಳ ವಾದವಾಗಿತ್ತು. ಐದು ನಿಮಿಷದ ಫೋನಿನಲ್ಲಿ ಕ್ಷೇಮಸಮಾಚಾರದ ರೂಢಿಯ ಮಾತುಗಳನ್ನು ಈ ಕಾಯಿಲೆಯವರು ಬಹಳ ಕಾಲ ನಿಭಾಯಿಸುತ್ತಾರೆ, ದಿನವಿಡೀ ಜೊತೆಗಿದ್ದವರಿಗೆ ಮಾತ್ರ ಬಿರುಕು ಕಾಣುತ್ತದೆ ಎಂಬುದನ್ನು ಅಣ್ಣ ಹೇಳಿದರೆ ಅದು ದೂರು, ಹೊರಗಿನವರು ಹೇಳಿದರೆ ಮಾಹಿತಿ. ಮೂರು ಕಡೆಯವರನ್ನು ಒಟ್ಟಿಗೆ ಫೋನಿನಲ್ಲಿ ಕೂರಿಸಿ ಅವರು ಮಾತನಾಡಿದರು. ಆಯಿಗೆ ಸಹಿ ಮಾಡಲು, ಅದು ಏನೆಂದು ತಿಳಿಯಲು ಬರುವಾಗಲೇ ಬ್ಯಾಂಕಿನ ಕೆಲಸ ಮುಗಿಸಿಕೊಳ್ಳಿ, ಕಾಗದಪತ್ರದ ಬಗ್ಗೆ ವಕೀಲರನ್ನು ಕಾಣಿ ಎಂದು ಎಚ್ಚರಿಸಿದ್ದೂ ಆಗಲೇ. ವಕೀಲರಿಂದ ನಮಗೆ ಗೊತ್ತಾದದ್ದೇನೆಂದರೆ, 1872ರ ಒಪ್ಪಂದ ಕಾಯ್ದೆಯಂತೆ ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಮುಖ್ತ್ಯಾರಪತ್ರ (ಪವರ್ ಆಫ್ ಅಟಾರ್ನಿ) ಬಿದ್ದುಹೋಗುತ್ತದೆ. ಅದನ್ನು ನಂಬಿ ಕೂತಿದ್ದರೆ ನಾವು ಸಿಕ್ಕಿಬೀಳುತ್ತಿದ್ದೆವು.

ಇಲ್ಲಿಗೆ ಹೊಗಳಿಕೆ ಸಾಕು. ಸಮಯ ಕಾಯ್ದಿರಿಸುವ ಆ್ಯಪ್ ಪೂರ್ತಿ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಮಾತನಾಡುವವರಿಗಾಗಿ ನಡೆಸುವ ಸೇವೆಯ ಹೊಸ್ತಿಲನ್ನು ಇಂಗ್ಲಿಷ್ ಬಾರದ ಹೆಂಡತಿ ಒಬ್ಬಳೇ ದಾಟುವ ಹಾಗಿಲ್ಲ. ಎರಡು ಸಲ ಅವರೇ ಕೊನೆಯ ಗಳಿಗೆಯಲ್ಲಿ ಮುಂದೂಡಿದರು, ನಾವು ಮುಂದೂಡಿದಾಗ ಮಾತ್ರ ಅರ್ಧ ಹಣ ಹೋಯಿತು. ಭಾಷೆಯ ತೊಡಕೂ ಇತ್ತು. ಆಯಿ ಪದೇ ಪದೇ ಆಸರಿ ಕೇಳುತ್ತಾಳೆ ಎಂದು ನಾನು ಹೇಳಿದ್ದನ್ನು ಅವರು ತಮ್ಮ ಕಡೆಯ ಆಸರಿಕಿ ಬ್ಯಾಸರಿಕಿ ಎಂದು ತಿಳಿದು ಎರಡು ಸಲ ಆಯಾಸದ ಬಗ್ಗೆ ಸಲಹೆ ಕೊಟ್ಟರು, ಕುಡಿಯಲು ಕೇಳುವುದೆಂದು ಬಿಡಿಸಿ ಹೇಳಿದ ಮೇಲೆ ಇಬ್ಬರೂ ನಕ್ಕೆವು. ಅವರು ಸೇರಿಸಿದ, ತಿಂಗಳಿಗೊಮ್ಮೆ ಆನ್‌ಲೈನಿನಲ್ಲಿ ಸೇರುವ ಆರೈಕೆದಾರರ ಗುಂಪು ನಮಗೆ ಹೊಂದಲಿಲ್ಲ. ತಿಂಗಳಿಗೆ ಹತ್ತಾರು ಸಾವಿರ ಕೊಟ್ಟು ದಾದಿಯನ್ನು ಇಟ್ಟುಕೊಂಡವರು ದಾದಿಯ ಮೇಲೆ ದೂರು ಹೇಳುವಾಗ, ಅಡಿಕೆ ಕೊನೆ ಕೊಯ್ಯಲು ಮರ ಹತ್ತುವ ಕೊನೆಗೌಡನೇ ಸಿಕ್ಕದ ಊರಿನವರು ಏನು ಮಾತನಾಡಬೇಕು?

ಎಲ್ಲಕ್ಕಿಂತ ದೊಡ್ಡ ಲೋಪ ಕಾರ್ತಿಕದಲ್ಲಿ ಆಯಿತು. ಎರಡೇ ದಿನದಲ್ಲಿ ಆಯಿ ತೀರ ಕೆಟ್ಟಳು. ಅಟ್ಟದಲ್ಲಿ ಯಾರೋ ಕೂತಿದ್ದಾರೆ ಎನ್ನುವಳು, ಹಗಲೆಲ್ಲ ತೂಕಡಿಸುವಳು, ರಾತ್ರಿ ಹಾಸಿಗೆ ಕಿತ್ತು ಹಾಕುವಳು. ಸಮಾಲೋಚಕಿ ಅದನ್ನು ಕಾಯಿಲೆಯ ಮುಂದಿನ ಹಂತವೆಂದು ತಿಳಿದು, ಶಾಂತವಾಗಿರಿ, ದೀಪ ಹಾಕಿಡಿ, ವಾದಿಸಬೇಡಿ ಎಂದರು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮೂತ್ರ ಪರೀಕ್ಷೆ ಮಾಡಿಸಿದಾಗ ಸೋಂಕು ಇರುವುದು ಗೊತ್ತಾಯಿತು, ಮಾತ್ರೆ ಸುರುಮಾಡಿದ ಆರನೆಯ ದಿನಕ್ಕೆ ಅಟ್ಟದವರು ಹೊರಟುಹೋದರು. ಅಲ್ಝೈಮರ್ ತಿಂಗಳು ವರ್ಷಗಳ ಲೆಕ್ಕದಲ್ಲಿ ಇಳಿಯುವ ಕಾಯಿಲೆ. ಒಂದೆರಡು ದಿನದಲ್ಲಿ ದಡಕ್ಕನೆ ಬದಲಾದರೆ ಸೋಂಕು, ನಿರ್ಜಲೀಕರಣ, ಹೊಸ ಔಷಧ, ಮಲಬದ್ಧತೆ, ಬಿದ್ದ ಪೆಟ್ಟು ಇಂಥದ್ದೇನೋ ಇರುತ್ತದೆ, ಮೊದಲು ವೈದ್ಯರಿಗೆ ತೋರಿಸಬೇಕು. ಫೋನಿನಲ್ಲಿ ಮೈ ಮುಟ್ಟಿ ನೋಡಲು ಬರುವುದಿಲ್ಲ, ಸರಿ. ಆದರೆ ವೈದ್ಯರಿಗೆ ತೋರಿಸಿ ಎನ್ನಲು ಬರುತ್ತಿತ್ತು. ಇದನ್ನು ಅವರಿಗೆ ಹೇಳಿದಾಗ ತಪ್ಪು ಒಪ್ಪಿಕೊಂಡರು, ಆ ದಿನದ ಹಣ ಹಿಂದಿರುಗಿಸಿದರು.

ಹಾಗಿದ್ದೂ ಬಿಡದೆ ಮುಂದುವರಿಸಿದ್ದೇಕೆಂದು ಕೇಳಿದರೆ ಹೆಂಡತಿಯ ಒಂದು ಮಾತನ್ನು ಹೇಳಬೇಕಾಗುತ್ತದೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹದಿಮೂರು ದಿನ ಊರವರು ನೆಂಟರು ಬಂದು ಕೂತು ಮಾತನಾಡಿಸಿ ಹೋಗುತ್ತಾರೆ, ಅತ್ತೆಯವರು ಎದುರಿಗೇ ಕೂತು ಚೂರುಚೂರಾಗಿ ಹೋಗುತ್ತಿರುವುದಕ್ಕೆ ಯಾರೂ ಬರುವುದಿಲ್ಲ ಎಂದು ಅವಳು ಒಮ್ಮೆ ಅಂದಿದ್ದಳು. ನಮ್ಮ ಮನೆಗೆ ಮಾತ್ರ ಹೀಗೇಕೆ ಎಂಬ ಅವಳ ಪ್ರಶ್ನೆಗೆ, ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ಅಲ್ಝೈಮರ್‌ನಂಥ ಮರೆವಿನ ಕಾಯಿಲೆಗಳು) ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜನ್ನು ಸಮಾಲೋಚಕಿ ತಿಳಿಸಿದ್ದರು. ಅವಳು ಮಾರನೆಯ ದಿನ ಹಾಲು ಹಾಕಲು ಡೇರಿಗೆ ಹೋದಾಗ ನಮ್ಮ ಸೀಮೆಯ ಮನೆಗಳನ್ನು ಮನಸ್ಸಿನಲ್ಲಿಯೇ ಎಣಿಸಿದಳಂತೆ. ನೆಂಟರಿಗೆ ಒಳಗಿನ ಕೋಣೆಯ ಬಾಗಿಲು ತೆಗೆಯದ ಮೂರು ಮನೆ ನೆನಪಾದವು. ಅದರಲ್ಲಿ ಒಂದು ಮನೆಯ ಸೊಸೆ ಈಗ ವಾರಕ್ಕೊಮ್ಮೆ ನಮ್ಮಲ್ಲಿಗೆ ಬಂದು ಕವಳ ಹಾಕಿಕೊಂಡು ಕೂತು ಹೋಗುತ್ತಾಳೆ. ಆ ಒಂದು ತಾಸು ಆಯಿ ಇಬ್ಬರ ನಡುವೆ ಅಡಿಕೆ ಆರಿಸುತ್ತಾಳೆ.

ತೀರ ಮೊದಲ ಹಂತದಲ್ಲಿದ್ದು, ಕಾಯಿಲೆ ಬಂದವರೇ ತಮ್ಮ ಭಯವನ್ನು ಹೇಳಿಕೊಳ್ಳಬಲ್ಲರೆಂದಾದರೆ ಫೋನಿನ ಸೇವೆ ಸಾಲದು, ಎದುರಿಗೆ ಕೂತು ಮಾತನಾಡುವವರನ್ನೇ ಹುಡುಕಬೇಕು. ನಾವು ಆ ಕಾಲವನ್ನು ಅರಳು ಮರಳು ಎಂದುಕೊಂಡು ಕಳೆದುಬಿಟ್ಟೆವು. ನಡುವಿನ ಹಂತದವರ ಮನೆಯವರಿಗೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲ. ದುಡ್ಡು ಕಟ್ಟುವ ಮೊದಲು, ಆರೈಕೆ ಮಾಡುವವರ ಜೊತೆ ಪ್ರತ್ಯೇಕವಾಗಿ ಮಾತನಾಡುತ್ತೀರಾ, ಎಲ್ಲ ಸಲವೂ ನೀವೇ ಇರುತ್ತೀರಾ, ಇದ್ದಕ್ಕಿದ್ದಂತೆ ಕೆಟ್ಟರೆ ಯಾವ ವೈದ್ಯರ ಹತ್ತಿರ ಕಳಿಸುತ್ತೀರಿ ಎಂದು ಕೇಳಿಕೊಳ್ಳಿ. ನಾವು ಈಗ ವಾರಕ್ಕೊಂದನ್ನು ತಿಂಗಳಿಗೊಂದಕ್ಕೆ ಇಳಿಸಿದ್ದೇವೆ. ಮಳೆಗಾಲದಲ್ಲಿ ಮಧ್ಯಾಹ್ನದ ಮೇಲೆ ಟವರ್ ಕೈಕೊಡುವುದರಿಂದ ಬೆಳಗಿನ ಹತ್ತರ ಹೊತ್ತನ್ನು ಹಿಡಿದಿಟ್ಟಿದ್ದು ಹೆಂಡತಿ. ಇಂಗ್ಲಿಷಿನ ಆ ಆ್ಯಪಿನಲ್ಲಿ ಯಾವ ಬಣ್ಣದ ಗುಂಡಿ ಯಾವುದಕ್ಕೆ ಎಂದು ಮಗಳು ಅವಳಿಗೆ ಕ್ಯಾಲೆಂಡರಿನ ಹಿಂದೆ ಬರೆದುಕೊಟ್ಟಿದ್ದಾಳೆ.